ಕಲ್ಲಿದ್ದಲಿನವನು ಮೊದಲು

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು, ಬಹುಕಾಲ ದೋಸೆ ಮಗುಚಿದ ಸಟ್ಟುಗದ ಬಾಯಿಯಂತೆ ಓರೆಯಾಗಿತ್ತು. ಯಾವ ಗಾಜಿನ ಲೋಟ ಕೈಗೆ ಬಂದರೂ ಆ ಉಗುರನ್ನು ಅದರ ಅಂಚಿನ ಸುತ್ತ ಒಮ್ಮೆ ನಿಧಾನವಾಗಿ ಸುತ್ತಿಸದೆ ಅವರು ತುಟಿಗಿಡುತ್ತಿರಲಿಲ್ಲ. ಒಸಾಕಾದ ಹೋಟೆಲುಗಳಲ್ಲಿ ನೀರು ತಂದಿಟ್ಟವರು, ಲೋಟದಲ್ಲಿ ಕೊಳೆ ಕಂಡಿತೇನೋ ಎಂದು ಗಾಬರಿಯಾಗಿ ‘ಸುಮಿಮಾಸೆನ್’, ಕ್ಷಮಿಸಿ, ಎಂದು ಬಾಗುತ್ತಿದ್ದರು. ಇವರು ಅವರಿಗಿಂತ ಕೆಳಗೆ ಬಾಗಿ, ಲೋಟ ಚೆನ್ನಾಗಿದೆಯೆಂದೂ ಕೆಟ್ಟಿರುವುದು ತಮ್ಮ ಅಭ್ಯಾಸವೆಂದೂ ಜಪಾನಿ ಭಾಷೆಯಲ್ಲಿ ವಿವರಿಸುತ್ತಿದ್ದರು. ಅಷ್ಟು ಹೊತ್ತಿಗೆ ತಂದಿಟ್ಟದ್ದು ಬಿಸಿಯಾಗಿದ್ದರೆ ಆರಿರುತ್ತಿತ್ತು.

ಸಮುದ್ರದ ಆಳಕ್ಕೆ ಇಳಿಸುವ ಅಳತೆಯ ಉಪಕರಣಗಳನ್ನು ದಪ್ಪ ಗಾಜಿನ ಗೋಳಗಳೊಳಗೆ ಇಡುತ್ತಾರೆ. ಎರಡು ಅರ್ಧಗೋಳಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಒಂದು ಗೋಳ. ಆ ಅಂಚಿನಲ್ಲಿ ಸಾಸಿವೆಯ ಸಿಪ್ಪೆಯಷ್ಟು ಚೂರು ಎದ್ದಿದ್ದರೂ ನೀರಿನ ಭಾರ ಮೊದಲು ಹುಡುಕುವುದು ಅದನ್ನೇ. ಆ ಅಂಚುಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ಒಸಾಕಾದ ಸಂಶೋಧನಾಲಯವೊಂದರಲ್ಲಿ ಅವರ ಕೆಲಸವಾಗಿತ್ತು. ಯಂತ್ರಗಳಿದ್ದವು, ಯಂತ್ರಗಳ ನಂತರ ಅವರ ಉಗುರಿತ್ತು. ನಮ್ಮ ಕನ್ನಡ ಮನೆಗಳ ಮಕ್ಕಳು ಅವರನ್ನು ‘ಗಾಜು ಮಾಮ’ ಎಂದು ಕರೆಯುತ್ತಿದ್ದವು. ನಾನು ‘ಸರ್’ ಎನ್ನುತ್ತಿದ್ದೆ. ಅವರು ನನಗೆ ‘ಲಾಯರಮ್ಮ’ ಎಂದು ಹೆಸರಿಟ್ಟಿದ್ದರು. ನಾನು ಕಾನೂನು ಓದಿದವಳಲ್ಲ. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ, ಹತ್ತೊಂಬತ್ತನೆಯ ಶತಮಾನದ ಒಬ್ಬ ಫ್ರೆಂಚ್ ಕಾದಂಬರಿಕಾರನ ಸಾಹಸಕಥೆಗಳ ಮೇಲೆ ಪಿಎಚ್‌ಡಿಗಾಗಿ ಪ್ರಬಂಧ ಬರೆಯುತ್ತಿದ್ದೆ. ಪ್ರಬಂಧ ಎನ್ನುವುದಕ್ಕಿಂತ ಅದು ಆರೋಪಪಟ್ಟಿಯಂತಿದೆ ಎಂಬುದು ಅವರ ಅಭಿಪ್ರಾಯ. ಅದು ತಪ್ಪಾಗಿರಲಿಲ್ಲ.

ನಮ್ಮಿಬ್ಬರ ಪರಿಚಯಕ್ಕೆ ಆ ಫ್ರೆಂಚನೇ ಕಾರಣ. ಸಮುದ್ರದ ತಳಕ್ಕೂ ಚಂದ್ರನ ಕಡೆಗೂ ಕಾಣದ ದ್ವೀಪಗಳಿಗೂ ಓದುಗರನ್ನು ಹೊರಡಿಸಿದ ಆ ಗಡ್ಡದ ಮನುಷ್ಯನನ್ನು ಅವರು ಮೈಸೂರಿನಲ್ಲಿ, ಪ್ರಾಥಮಿಕ ಶಾಲೆಯ ಹುಡುಗನಾಗಿದ್ದಾಗ, ಕನ್ನಡದ ಒಂದು ಸಂಗ್ರಹಾನುವಾದದಲ್ಲಿ ಓದಿದ್ದರು. ವಾಚನಾಲಯದ ಆ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ.

“ಬರೆದವರು ಒಂಟಿಕೊಪ್ಪಲಿನವರೇ ಯಾರೋ ಇರ್ಬೇಕು ಅಂದ್ಕೊಂಡಿದ್ದೆ” ಎಂದು ಅವರು ಹೇಳುತ್ತಿದ್ದರು. “ಯಾಕಂದ್ರೆ ಅದ್ರಲ್ಲಿ ನಾವಿಕರೆಲ್ಲ ಹಡಗಲ್ಲಿ ಕೂತು ಬುತ್ತಿ ಬಿಚ್ಚೋರು. ಬುತ್ತಿ ಬಿಚ್ಚೋ ಜನ ಫ್ರಾನ್ಸಿನವರು ಹೇಗಾಗ್ತಾರೆ?”

ಆ ಪುಸ್ತಕದಲ್ಲಿ ಒಂದು ಚಿತ್ರವಿತ್ತಂತೆ. ನೀರೊಳಗಿನ ಹಡಗಿನ ದೊಡ್ಡ ದುಂಡು ಕಿಟಕಿ; ಒಳಗೆ ಕೈಕಟ್ಟಿ ನಿಂತ ಮನುಷ್ಯರು; ಹೊರಗೆ ಮೀನುಗಳು. ಅಷ್ಟು ನೀರಿನ ಕೆಳಗೆ ಆ ಗಾಜು ಒಡೆಯುವುದಿಲ್ಲವೇ ಎಂಬ ಪ್ರಶ್ನೆ ಹುಡುಗನಿಗೆ ಅಂಟಿಕೊಂಡಿತು. ಉತ್ತರ ಕೊನೆಯಲ್ಲಿರಬೇಕೆಂದು ಓದಿಕೊಂಡು ಹೋದರೆ ಕೊನೆಯ ಹಾಳೆಗಳೂ ಹರಿದಿದ್ದವು. “ಕೊನೇ ಹಾಳೆ ಇಲ್ಲದ ಪುಸ್ತಕ ಓದಿದವನು ಇಂಜಿನಿಯರ್ ಆಗದೆ ಇನ್ನೇನಾಗ್ತಾನೆ?” ಎಂದು ನಗುತ್ತಿದ್ದರು. ಮುಂದೆ ಜಪಾನಿಗೆ ಬಂದ ಮೇಲೆ, ಅಕ್ಷರಗಳ ಪಕ್ಕದಲ್ಲಿ ಉಚ್ಚಾರಣೆ ಬರೆದಿರುವ ಮಕ್ಕಳ ಆವೃತ್ತಿಗಳಲ್ಲಿ ಅದೇ ಕಥೆಗಳನ್ನು ಓದಿ ಅವರು ಈ ದೇಶದ ಭಾಷೆ ಕಲಿತರು. ಅವರ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುವ ಒಂದು ಮಾತಿತ್ತು: “ನಮ್ಮನೇಲಿ ಇರೋದು ಮೂರು ಜನ. ನಾನು, ಇವ್ರು, ಆ ಗಡ್ಡದ ತಾತ. ಅಡುಗೆ ಮಾತ್ರ ಇಬ್ಬರಿಗೆ.”

ತಿಂಗಳಲ್ಲಿ ಎರಡು ಭಾನುವಾರ, ನಗರಸಭೆಯ ಸಮುದಾಯ ಭವನದ ಚಾಪೆಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಅವರು ಮಕ್ಕಳಿಗೆ ಆ ಕಥೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಇಲ್ಲಿಯೇ ಬೆಳೆದ ಮಕ್ಕಳು. ಅವರ ಕನ್ನಡ ಕಿವಿಯಲ್ಲಿತ್ತು, ನಾಲಿಗೆಯಲ್ಲಿರಲಿಲ್ಲ. ಪ್ರಶ್ನೆಯನ್ನು ಜಪಾನಿಯಲ್ಲಿ ಕೇಳುತ್ತಿದ್ದವು. ಉತ್ತರ ಕನ್ನಡದಲ್ಲಿ ಬರುತ್ತಿತ್ತು. ಜಗಳ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ನಾನು ಮೊದಲ ಸಲ ಆ ಕೋಣೆಗೆ ಹೋದದ್ದು ಆಕ್ಷೇಪಣೆಯೊಂದಿಗೆ. ಆ ಕಾದಂಬರಿಕಾರನ ಲೋಕದಲ್ಲಿ ನಮ್ಮಂಥವರಿಗೆ ಮೂರೇ ಪಾತ್ರಗಳು: ಹೊರೆ ಹೊರುವುದು, ಹೆದರಿ ಓಡುವುದು, ಅಥವಾ ನಿಷ್ಠೆಯಿಂದ ಸಾಯುವುದು. ಸಾಹಸ ಎಂಬ ಸುಂದರ ಪದದ ಕೆಳಗೆ ಕೂಲಿಯಿಲ್ಲದ ದುಡಿಮೆಯ ಒಂದು ಇಡೀ ಅಂತಸ್ತು ಇದೆ. ಈ ಕಥೆಗಳನ್ನು ಯಾವ ಎಚ್ಚರಿಕೆಯೂ ಇಲ್ಲದೆ ನಮ್ಮ ಮಕ್ಕಳಿಗೆ ಉಣಿಸುವುದಕ್ಕೆ ಯಾರು ಹೊಣೆ? ಇದನ್ನೆಲ್ಲ ನಾನು ನಿಂತುಕೊಂಡೇ ಹೇಳಿದೆ. ಅವರು ನನ್ನ ಮುಂದೆ ಬಾರ್ಲಿ ಚಹಾದ ಲೋಟ ಇಟ್ಟರು. ಇಡುವ ಮೊದಲು ಅಂಚಿನ ಸುತ್ತ ಉಗುರು ಸುತ್ತಿಸಿದರು.

“ಇಷ್ಟೊಂದು ಬೈತೀಯಲ್ಲಮ್ಮ, ಚಿಕ್ಕವಳಿದ್ದಾಗ ಇವನ್ನೇ ಓದಿ ಮಂಚದ ಮೇಲೆ ಹಡಗು ಓಡಿಸಿಲ್ವಾ?”

“ಓಡಿಸಿದ್ದೆ ಸರ್. ಅದಕ್ಕೇ ಕೋಪ.”

“ಹಾಗಿದ್ರೆ ಕೂತ್ಕೊ. ನಿನಗೆ ಬೇಕಾದ್ದು ಕಥೆ ಮುಗಿದ ಮೇಲಿದೆ.”

ಕಥೆ ಮುಗಿದ ಮೇಲೆ ಇದ್ದದ್ದು ಹನ್ಸೇಕಾಯ್. ಜಪಾನಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಯಾವುದೇ ಕೆಲಸ ಮುಗಿದ ಮೇಲೆ, ಅದು ಚೆನ್ನಾಗಿಯೇ ಮುಗಿದಿದ್ದರೂ, ಎಲ್ಲರೂ ಸುತ್ತ ಕುಳಿತು ಎಲ್ಲಿ ಎಡವಿದೆವು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಶಾಲೆಯ ಕ್ರೀಡಾದಿನದ ಮರುದಿನ ಮಕ್ಕಳೂ ಇದನ್ನು ಮಾಡುತ್ತಾರೆ. ಗಾಜು ಮಾಮ ಈ ಪದ್ಧತಿಯನ್ನು ತಂದು ಆ ಫ್ರೆಂಚನ ಹಡಗುಗಳಿಗೆ ಕಟ್ಟಿದ್ದರು. ಒಂದು ಮಗು ಕ್ಯಾಪ್ಟನ್, ಒಂದು ವಿಜ್ಞಾನಿ, ಒಂದು ಅಡುಗೆಯವ, ಒಂದು ಬಾಯ್ಲರಿಗೆ ಕಲ್ಲಿದ್ದಲು ಸುರಿಯುವವನು. ಕಥೆಯಲ್ಲಿ ಕಲ್ಲಿದ್ದಲಿನವನು ಇರುತ್ತಲೇ ಇರಲಿಲ್ಲ. “ಹಡಗು ಓಡಿತು ತಾನೆ? ಹಾಗಾದ್ರೆ ಅವನು ಇದ್ದ. ಬರೆದವರಿಗೆ ಕಾಣಿಸಿಲ್ಲ, ಅಷ್ಟೆ” ಎನ್ನುತ್ತಿದ್ದರು. ನಿಯಮ ಒಂದೇ: ಕಲ್ಲಿದ್ದಲಿನವನು ಮೊದಲು ಮಾತಾಡಬೇಕು, ಕ್ಯಾಪ್ಟನ್ ಕೊನೆಗೆ.

“ಇದೇನು ಹೊಸದಲ್ಲ” ಎಂದು ದೊಡ್ಡವರ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದರು. “ನಮ್ಮೂರ ಸಭೇಲೂ ಅಧ್ಯಕ್ಷರು ಕೊನೆಗೇ ಮಾತಾಡೋದು. ಆದ್ರೆ ಅಷ್ಟೊತ್ತಿಗೆ ಜನ ಊಟಕ್ಕೆ ಎದ್ದಿರ್ತಾರೆ.”

ಆ ದಿನ ಕಲ್ಲಿದ್ದಲಿನವನಾಗಿದ್ದ ಒಂದು ಪುಟ್ಟ ಹುಡುಗಿ, ಅರ್ಧ ಜಪಾನಿ ಅರ್ಧ ಕನ್ನಡದಲ್ಲಿ, “ನಂಗೆ ಎಲ್ಲಿಗೆ ಹೋಗ್ತಿದೀವಿ ಅಂತ ಯಾರೂ ಹೇಳ್ಲೇ ಇಲ್ಲ. ಕೆಳಗಡೆ ಕಿಟಕೀನೂ ಇಲ್ಲ” ಎಂದಳು. ನನ್ನ ಪ್ರಬಂಧದ ಎರಡನೆಯ ಅಧ್ಯಾಯ ಹೇಳಲು ಹೆಣಗುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ. ಅಂದಿನಿಂದ ನಾನು ಆ ಕೋಣೆಗೆ ಆಕ್ಷೇಪಣೆಯಿಲ್ಲದೆ ಹೋಗತೊಡಗಿದೆ. ಆಕ್ಷೇಪಣೆ ಇದ್ದದ್ದು ಆ ಕಾದಂಬರಿಕಾರನ ಮೇಲೆ. ಅದು ಹಾಗೆಯೇ ಉಳಿಯಿತು. ಅವರು ಅದನ್ನು ಬಿಡಿಸಲು ಪ್ರಯತ್ನಿಸಲಿಲ್ಲ. ತಾವು ಪ್ರೀತಿಸುವುದನ್ನು ಇನ್ನೊಬ್ಬರು ವಿಚಾರಣೆಗೆ ಎಳೆದರೆ ನೋಯದ ಮನುಷ್ಯರು ವಿರಳ. “ಬೈಯಿ, ಬೈಯಿ. ಆದ್ರೆ ಪೂರ್ತಿ ಓದಿ ಬೈಯಿ” ಎನ್ನುತ್ತಿದ್ದರು. ಮೂಲದ ಎಷ್ಟೋ ಪುಟಗಳನ್ನು ಹಳೆಯ ಇಂಗ್ಲಿಷ್ ಅನುವಾದಕರು ಕತ್ತರಿಸಿದ್ದರೆಂದು ಗೊತ್ತಾದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ಫ್ರೆಂಚ್ ಕಲಿಯಲು ಕುಳಿತವರು ಅವರು.

ಇನ್ನು ಆ ಗೋಳದ ವಿಷಯ.

ಅವರ ಪ್ರಯೋಗಾಲಯದಲ್ಲಿ ಒಂದು ಹೊಸ ಗೋಳವನ್ನು ಒತ್ತಡದ ತೊಟ್ಟಿಯಲ್ಲಿ ಪರೀಕ್ಷಿಸುವಾಗ ಅದು ಒಳಕ್ಕೆ ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದೇ ತೊಟ್ಟಿಯಲ್ಲಿದ್ದ ಬೇರೆಯವರ ಉಪಕರಣಗಳು ನುಚ್ಚುನೂರಾದವು. ಪರೀಕ್ಷೆಯನ್ನು ನೋಡಲು, ಹಣ ಕೊಡುವ ಸಂಸ್ಥೆಯಿಂದ ಅತಿಥಿಗಳು ಬಂದು ನಿಂತಿದ್ದರು. ಎರಡು ದಿನ ಬಿಟ್ಟು ಹನ್ಸೇಕಾಯ್ ಸೇರಿತು. ಅಲ್ಲಿಯೂ ರೂಢಿಯಂತೆ ಕಿರಿಯವರು ಮೊದಲು. ಎಲ್ಲರಿಗಿಂತ ಕೆಳಗಿದ್ದವನು ಅರ್ಧಗೋಳಗಳನ್ನು ಒರೆಸಿ ಕೂಡಿಸುವ ತಂತ್ರಜ್ಞ, ಏಜೆನ್ಸಿಯೊಂದರ ಮೂಲಕ ಬಂದಿದ್ದ ಗುತ್ತಿಗೆಯ ನೌಕರ. ಅವನು ಎದ್ದುನಿಂತು, ತಾನು ಅಂಚನ್ನು ಒರೆಸುವಾಗ ಧೂಳು ಉಳಿದಿರಬಹುದು, ತಪ್ಪು ತನ್ನದು, ಕ್ಷಮಿಸಬೇಕು ಎಂದು ಸೊಂಟದಿಂದ ಬಾಗಿದ. ಧೂಳು ಉಳಿದಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೊದಲು ಮಾತಾಡುವವನು ಕ್ಷಮೆ ಕೇಳುವುದು ವಾಡಿಕೆ. ಅವನು ವಾಡಿಕೆಯನ್ನು ಪಾಲಿಸಿದ. ಅವನ ಮೇಲಿನವರು ಒಬ್ಬೊಬ್ಬರಾಗಿ, ‘ನಾವೂ ಇನ್ನಷ್ಟು ಗಮನ ಕೊಡಬೇಕಿತ್ತು’ ಎಂದು ಸೌಜನ್ಯದಿಂದ ತಲೆದೂಗುತ್ತ ಹೋದರು. ತಪ್ಪು, ಹೀಗೆ, ಕೆಳಗೆ ಬಿದ್ದದ್ದು ಕೆಳಗೇ ಉಳಿಯಿತು.

ಸರದಿ ಅವರಿಗೆ ಬಂದಾಗ ಗಾಜು ಮಾಮ ಎದ್ದು, ಆ ಗೋಳಕ್ಕೆ ಒಪ್ಪಿಗೆ ಕೊಟ್ಟವನು ತಾನು, ಅಂಚಿನ ಒಂದು ಕಡೆ ತನ್ನ ಉಗುರು ತಡೆದಿತ್ತು, ಆದರೂ ಒಪ್ಪಿದೆ, ಎಂದರು. ತಂತ್ರಜ್ಞನ ಕಡೆ ತಿರುಗಿ ಬಾಗಿದರು. ಅವರ ನಂತರ ಮಾತಾಡಬೇಕಾಗಿದ್ದವರು ಒಬ್ಬರೇ: ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು. ಎಲ್ಲರೂ ಅವರನ್ನು ‘ಸೆನ್ಸೇ’ ಎನ್ನುತ್ತಿದ್ದರು. ಸೆನ್ಸೇ ಎಲ್ಲರ ಪ್ರಾಮಾಣಿಕತೆಗೆ ಧನ್ಯವಾದ ಹೇಳಿ ಸಭೆ ಮುಗಿಸಿದರು.

ಇದನ್ನು ಅವರು ನನಗೆ ಹೇಳಿದ್ದು ಮುಂದಿನ ಭಾನುವಾರ, ಮಕ್ಕಳು ಬರುವ ಮೊದಲು, ಚಾಪೆಯ ಮೇಲೆ ಮೆತ್ತೆಗಳನ್ನು ಜೋಡಿಸುತ್ತ. ಉಗುರು ತಡೆದಾಗ ಏನು ಮಾಡಿದಿರಿ ಎಂದು ಕೇಳಿದೆ.

“ಸೆನ್ಸೇ ಹತ್ರ ಹೋದೆ. ಒಂದು ವಾರ ಕೊಡಿ, ಮತ್ತೆ ನೋಡ್ತೀನಿ ಅಂದೆ.”

“ಅವರು?”

“ಗೆಸ್ಟ್‌ಗಳು ಬರ್ತಿದಾರೆ, ಆಗಲ್ಲ ಅಂದ್ರು. ಸರಿ ಅಂದೆ. ಆ ‘ಸರಿ’ ನಂದು ಲಾಯರಮ್ಮ. ಅದನ್ನ ಬೇರೆಯವರ ಮೇಲೆ ಹಾಕೋಕಾಗಲ್ಲ.”

“ನಿಮ್ಮದು ‘ಸರಿ’ ಮಾತ್ರ. ‘ಆಗಲ್ಲ’ ಅಂದೋರು ಅವರು. ಸಭೇಲಿ ಅದನ್ನ ಯಾಕೆ ಹೇಳಲಿಲ್ಲ?”

ಅವರು ಒಂದು ಮೆತ್ತೆಯನ್ನು ತಟ್ಟಿ ನೇರ ಮಾಡಿದರು. “ನಾನು ಹೇಳಿದ್ರೆ ಅದು ದೂರು. ಅವರೇ ಹೇಳಿದ್ರೆ ಅದು ಹೊಣೆ.”

“ಅವರು ಹೇಳದೇ ಹೋದರೆ?”

“ಆಗ ನೀನಿದೀಯಲ್ಲ” ಎಂದು ನಕ್ಕರು.

ನಾನು ನಗಲಿಲ್ಲ. ಆ ಉತ್ತರವನ್ನು ಅಂದು ಒಪ್ಪಿರಲಿಲ್ಲ, ಇಂದೂ ಪೂರ್ತಿಯಾಗಿ ಒಪ್ಪಿಲ್ಲ. ಘನತೆಯ ಮೌನದಿಂದ ಲಾಭವಾಗುವುದು ಯಾವಾಗಲೂ ಮೇಲಿನವರಿಗೆ. ತನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡವನ ಹಿಂದೆ ಅಡಗಿ ನಿಲ್ಲಲು ಅವರಿಗೆ ಸಾಕಷ್ಟು ನೆರಳು ಸಿಗುತ್ತದೆ. ಆ ಫ್ರೆಂಚನ ಕ್ಯಾಪ್ಟನ್ನರ ಮೇಲೆ ನಾನು ಹೊರಿಸಿದ ಆರೋಪವೂ ಇದೇ. ಇದನ್ನು ಅವರ ಮುಖಕ್ಕೇ ಹೇಳಿದೆ. ಅವರು, “ಬರೆದಿಟ್ಕೋ, ಚೆನ್ನಾಗಿದೆ” ಎಂದರು. ಅಷ್ಟರಲ್ಲಿ ಮಕ್ಕಳು ಬೂಟು ಕಳಚುವ ಸದ್ದು ಕೇಳಿಸಿತು.

ಆ ಭಾನುವಾರ ಅವರು ಆಟದ ನಿಯಮವನ್ನು ಬದಲಿಸಿದರು. ಆವರೆಗೆ ಕಲ್ಲಿದ್ದಲಿನ ಪಾತ್ರ ಸಿಕ್ಕಿದ ಮಗು, ಶಾಲೆಯಲ್ಲಿ ಕಲಿತ ರೂಢಿಯಂತೆ, ‘ಗೊಮೆನ್ನಾಸಾಯ್’, ಅಂದರೆ ತಪ್ಪಾಯಿತು, ಎಂದೇ ಮಾತು ಆರಂಭಿಸುತ್ತಿತ್ತು. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಅಂದು ಅವರು ತಡೆದರು.

“ಇವತ್ತಿಂದ ಮೊದಲು ಮಾತಾಡೋರು ಸಾರಿ ಕೇಳಂಗಿಲ್ಲ. ಏನು ಕಂಡೆ ಅಂತ ಮಾತ್ರ ಹೇಳ್ಬೇಕು. ಮಾತು ಕೆಳಗಿಂದ ಹತ್ಕೊಂಡು ಹೋಗ್ಲಿ. ಸಾರಿ ಮೇಲಿಂದ ಇಳ್ಕೊಂಡು ಬರ್ಲಿ.”

“ಹಾಗಾದ್ರೆ ಕ್ಯಾಪ್ಟನ್ ಆದೋರು ಲಾಸ್ಟಲ್ಲಿ ಎಲ್ಲರ್ಗೂ ಸಾರಿ ಹೇಳ್ಬೇಕಾ?” ಎಂದು ಸದಾ ಕ್ಯಾಪ್ಟನ್ ಆಗಲು ಹಟ ಹಿಡಿಯುವ ಹುಡುಗನೊಬ್ಬ ಕೇಳಿದ.

“ಟೋಪಿ ಬೇಕು ಅಂದ್ರೆ ಅದೂ ಬೇಕಪ್ಪ.”

ಅಂದು ಕ್ಯಾಪ್ಟನ್ ಆಗಲು ಯಾರೂ ಮುಂದೆ ಬರಲಿಲ್ಲ. ಚೀಟಿ ಎತ್ತಬೇಕಾಯಿತು.

ತಂತ್ರಜ್ಞನ ಗುತ್ತಿಗೆ ಮುಂದುವರಿಯಿತು. ವರ್ಷವರ್ಷ ನವೀಕರಿಸಬೇಕಿದ್ದ ಗಾಜು ಮಾಮನ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ಎಲ್ಲರೂ ಬಹಳ ಮರ್ಯಾದೆಯಿಂದ ಬೀಳ್ಕೊಟ್ಟರು. ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು. ಬೇರೆ ಕೆಲಸ ಸಿಗದಿದ್ದರೆ ಈ ದೇಶ ಬಿಡಬೇಕಿತ್ತು. ಒಸಾಕಾದ ಪೂರ್ವದ ಅಂಚಿನಲ್ಲಿ, ಕುಡಿಯುವ ಲೋಟಗಳನ್ನು ಮಾಡುವ ಸಣ್ಣ ಗಾಜಿನ ಕಾರ್ಖಾನೆಯೊಂದು ಅವರನ್ನು ತೆಗೆದುಕೊಂಡಿತು. ಅಂಚು ನೋಡುವುದೇ ಅಲ್ಲಿಯೂ ಕೆಲಸ. ಮನೆಗೆ ನೋಡಲು ಹೋದಾಗ ನನಗೆ ನೀರು ಕೊಡುತ್ತ, “ಮೊದಲು ನೀರು ಹೊರಗಿತ್ತು, ಈಗ ಒಳಗಿದೆ. ಮಿಕ್ಕಿದ್ದೆಲ್ಲ ಸೇಮ್” ಎಂದರು. ಹೆಂಡತಿ ಅಡುಗೆಮನೆಯಿಂದಲೇ, “ಸಂಬಳ ಒಂದು ಬಿಟ್ಟು” ಎಂದರು.

ಭಾನುವಾರದ ಕೋಣೆ ನಿಲ್ಲಲಿಲ್ಲ. ಮೇದೋಜೀರಕದ ಕಾಯಿಲೆ ಗೊತ್ತಾದ ಮೇಲೂ ಅವರು ಕಥೆ ಹೇಳಿದರು. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಲೋಟ ಕೊಡುತ್ತಾರೆ, ಉಗುರಿಗೆ ಕೆಲಸವಿಲ್ಲ ಎಂಬುದು ಅವರ ಒಂದೇ ದೂರಾಗಿತ್ತು. ಕಳೆದ ವಸಂತದಲ್ಲಿ ತೀರಿಕೊಂಡರು.

ಅದೇ ಚಾಪೆಯ ಕೋಣೆಯಲ್ಲಿ ನಮ್ಮವರು ಶ್ರದ್ಧಾಂಜಲಿ ಸಭೆ ಇಟ್ಟರು. ಹಳೆಯ ಪ್ರಯೋಗಾಲಯದಿಂದಲೂ ಜನ ಬಂದಿದ್ದರು. ಸೆನ್ಸೇ ಕಪ್ಪು ಸೂಟಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಮಂಡಿಯೂರಿ ಕುಳಿತರು. ತಂತ್ರಜ್ಞ ಬಾಗಿಲಿನ ಬಳಿ, ಬೂಟುಗಳ ಪಕ್ಕದಲ್ಲಿ ಕುಳಿತಿದ್ದ. ನಮ್ಮ ಹಿರಿಯರೊಬ್ಬರು ಎದ್ದು, ಮೊದಲಿಗೆ ಪ್ರೊಫೆಸರರು ಎರಡು ಮಾತನಾಡಬೇಕೆಂದು ವಿನಂತಿಸಿದರು. ಸೆನ್ಸೇ ಕೋಟಿನ ಗುಂಡಿ ಸರಿಪಡಿಸಿಕೊಂಡರು.

“ಬೇಡ” ಎಂದರು ಗಾಜು ಮಾಮನ ಹೆಂಡತಿ. ಕುಳಿತಲ್ಲಿಂದಲೇ, ಮೊದಲು ಕನ್ನಡದಲ್ಲಿ, ಆಮೇಲೆ ನಿಧಾನವಾದ ಜಪಾನಿಯಲ್ಲಿ ಹೇಳಿದರು: “ಈ ರೂಮಲ್ಲಿ ಅವರ ಪದ್ಧತಿ ಬೇರೆ. ಕೆಳಗಡೆಯಿಂದ ಶುರು. ಮೊದಲು ಮಾತಾಡೋರು ಸಾರಿ ಕೇಳಂಗಿಲ್ಲ. ಕಂಡದ್ದು ಹೇಳ್ಬೇಕು, ಅಷ್ಟೆ.” ನಂತರ ಬಾಗಿಲ ಕಡೆ ಕೈ ತೋರಿಸಿದರು.

ತಂತ್ರಜ್ಞ ಎದ್ದ. ಅಭ್ಯಾಸಬಲದಿಂದ ‘ಸುಮಿಮಾಸೆನ್’ ಎಂದು ತುಟಿ ತೆರೆದ, ಒಂದಿಬ್ಬರು ಮಕ್ಕಳು ಒಟ್ಟಿಗೇ “ದಮೇ!” ಎಂದರು. ಹಾಗನ್ನಬಾರದು ಎಂದು. ಕೋಣೆಯಲ್ಲಿ ಸಣ್ಣ ನಗು ಎದ್ದಿತು. ಅವನು ಕ್ಷಮೆಯನ್ನು ಅಲ್ಲಿಗೇ ಬಿಟ್ಟು, ಕಂಡದ್ದನ್ನು ಹೇಳಿದ. “ಗೋಳ ಸಿಡಿದ ದಿನ ಬೆಳಿಗ್ಗೆ ಅವರು ಅಂಚಿನ ಸುತ್ತ ಉಗುರು ಸುತ್ತಿಸಿದ್ದನ್ನು ಕಂಡೆ. ಉಗುರು ಒಂದು ಕಡೆ ನಿಂತದ್ದನ್ನು ಕಂಡೆ. ಅವರು ಸೆನ್ಸೇಯ ಕೋಣೆಗೆ ಹೋದದ್ದನ್ನು ಕಂಡೆ. ಮರಳಿ ಬಂದು, ನನ್ನ ಮುಖ ನೋಡದೆ, ‘ಕೂಡಿಸಿ’ ಎಂದರು. ಅದಕ್ಕೆ ಮೊದಲು ಅವರು ಎಂದೂ ನನ್ನ ಮುಖ ನೋಡದೆ ಮಾತಾಡಿದವರಲ್ಲ.”

ಇಷ್ಟು ಹೇಳಿ ಕುಳಿತ. ನಂತರ ಮಕ್ಕಳು ಮಾತಾಡಿದರು, ನಾನು ಮಾತಾಡಿದೆ, ನಮ್ಮ ಹಿರಿಯರು ಮಾತಾಡಿದರು. ಯಾರ ಮಾತೂ ಉದ್ದವಾಗಲಿಲ್ಲ. ಸರದಿ ಮೇಲೇರುತ್ತ ಹೋಗಿ ಕೊನೆಗೆ ಮುಂದಿನ ಸಾಲಿನಲ್ಲಿ ನಿಂತಿತು. ಸೆನ್ಸೇ ಎದ್ದರು. ಅವರ ಕೈಯಲ್ಲಿ ಬರೆದು ತಂದ ಹಾಳೆಯಿತ್ತು, ಅದನ್ನು ಬಿಡಿಸಲಿಲ್ಲ.

“ಅವರು ಒಂದು ವಾರ ಕೇಳಿದರು” ಎಂದರು. “ನಾನು ಕೊಡಲಿಲ್ಲ.”

ಆಮೇಲೆ ಬಾಗಿಲ ಕಡೆ ತಿರುಗಿ, ಬೂಟುಗಳ ಪಕ್ಕದಲ್ಲಿ ಕುಳಿತಿದ್ದವನಿಗೆ, ಮಂಡಿಯೂರಿ, ಹಣೆ ಚಾಪೆಗೆ ತಾಗುವಂತೆ ಬಾಗಿದರು. ಗಾಜು ಮಾಮನ ಚಿತ್ರಕ್ಕೂ ಬಾಗಿದರು. ಅವರ ಹೆಂಡತಿಯ ಮುಂದೆಯೂ ಬಾಗಿದರು. ಆಕೆ ಎದ್ದು ಹೋಗಿ ಎಲ್ಲರಿಗೂ ಚಹಾ ತಂದರು. ಸೆನ್ಸೇಗೂ ಒಂದು ಲೋಟ ಇಟ್ಟರು. ಇಡುವ ಮೊದಲು ತಮ್ಮ ಹೆಬ್ಬೆರಳಿನ ಉಗುರನ್ನು ಅದರ ಅಂಚಿನ ಸುತ್ತ ಒಮ್ಮೆ ಸುತ್ತಿಸಿದ್ದನ್ನು ನಾನು ಕಂಡೆ.

ಈ ವ್ಯಕ್ತಿಚಿತ್ರವನ್ನು ಇಲ್ಲಿ ಮುಗಿಸಿದ್ದರೆ ಓದುಗರ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ನಾನು ಮುಗಿಸುವುದಿಲ್ಲ. ಆ ಎರಡು ವಾಕ್ಯಗಳನ್ನು ಹೇಳಬೇಕಾಗಿದ್ದ ಕೋಣೆ ಅದಲ್ಲ. ಅವನ್ನು ಕೇಳಬೇಕಾದವರು ಪ್ರಯೋಗಾಲಯದಲ್ಲಿದ್ದಾರೆ, ಗುತ್ತಿಗೆಗಳನ್ನು ನವೀಕರಿಸುವ ಮೇಜಿನ ಹಿಂದೆ ಇದ್ದಾರೆ, ಅಂದು ಅತಿಥಿಗಳಾಗಿ ಬಂದು ನಿಂತಿದ್ದವರಲ್ಲಿಯೂ ಇದ್ದಾರೆ. ಸಾವಿನ ಮನೆಯಲ್ಲಿ ಬಾಗುವುದು ಕಷ್ಟವೇ. ಅಧಿಕಾರದ ಮನೆಯಲ್ಲಿ ಬಾಗುವುದು ಅದಕ್ಕಿಂತ ಕಷ್ಟ. ನನಗೆ ತಿಳಿದಮಟ್ಟಿಗೆ ಅದು ಇಂದಿಗೂ ಆಗಿಲ್ಲ.

ನನ್ನ ಪ್ರಬಂಧ ಮುಗಿದಿದೆ. ಆ ಫ್ರೆಂಚ್ ಕಾದಂಬರಿಕಾರನನ್ನು ಪೂರ್ತಿ ಓದಿಯೇ ಬೈದಿದ್ದೇನೆ. ಕೆಲವು ಕಡೆ, ಪೂರ್ತಿ ಓದಿದ್ದರಿಂದಲೇ, ಬೈಯಲಾಗಲಿಲ್ಲ. ಇದು ನಾನು ಗಾಜು ಮಾಮನಿಗೆ ಸಲ್ಲಿಸಬೇಕಾದ ಋಣದ ಸಣ್ಣ ಪಾಲು. ದೊಡ್ಡ ಪಾಲು ಈ ಬರಹ. ‘ಆಗ ನೀನಿದೀಯಲ್ಲ’ ಎಂದವರಿಗೆ ನಾನು ಅಂದು ಉತ್ತರ ಕೊಟ್ಟಿರಲಿಲ್ಲ.

ಅವರ ಬಗ್ಗೆ ಬರೆಯಬೇಕಾದವರ ಸಾಲಿನಲ್ಲಿ ನಾನು ಎಲ್ಲರಿಗಿಂತ ಕಿರಿಯಳು, ಎಲ್ಲರಿಗಿಂತ ಕೆಳಗಿನವಳು. ಆದ್ದರಿಂದ ಮೊದಲು ಮಾತಾಡಿದ್ದೇನೆ. ಕ್ಷಮೆ ಕೇಳಿಲ್ಲ. ಕಂಡದ್ದನ್ನು ಹೇಳಿದ್ದೇನೆ. ಇನ್ನು ಸರದಿ ಮೇಲಕ್ಕೆ ಹೋಗಲಿ.